ಅರ್ಜಿಯ ಆವಕ–ಜಾವಕ: ಪಿಎಚ್‌ಪಿ ಭಾಷೆಯಲ್ಲಿ ನಮೂನೆಗಳ ಸ್ವೀಕಾರಕ್ರಮ

ಸಂಸ್ಥೆಯು ಚಿಕ್ಕದಿರಲಿ ದೊಡ್ಡದಿರಲಿ, ಅದರ ಕಚೇರಿಯಲ್ಲಿ ಆವಕದ ಪುಸ್ತಕವೊಂದು, ಜಾವಕದ ಪುಸ್ತಕವೊಂದು ಇದ್ದೇ ಇರುವುವು. ಹೊರಗಿನಿಂದ ಬಂದ ಕಾಗದವನ್ನು ಗುಮಾಸ್ತನು ಬಿಡಿಸಿ, ಓದಿ, ಕ್ರಮಸಂಖ್ಯೆಯನ್ನು ಕೊಟ್ಟು ಆವಕದಲ್ಲಿ ಬರೆದುಕೊಳ್ಳುವನು. ಕಚೇರಿಯಿಂದ ಹೊರಡುವ ಉತ್ತರವನ್ನು ಮತ್ತೊಮ್ಮೆ ನೋಡಿ, ಮೊಹರು ಹಾಕಿ, ಜಾವಕದಲ್ಲಿ ನಮೂದಿಸುವನು. ಈ ಎರಡು ಬಾಗಿಲುಗಳ ಕಾವಲು ಸಡಿಲವಾದರೆ ಒಳಗಿನ ಕಡತಗಳು ಎಷ್ಟೇ ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲವೆಂಬುದು ಅನುಭವಸ್ಥರೆಲ್ಲರಿಗೂ ತಿಳಿದ ಮಾತು.

ಇಂದು ಪ್ರವೇಶದ ಅರ್ಜಿ, ಹಳೆಯ ವಿದ್ಯಾರ್ಥಿಗಳ ನೋಂದಣಿ, ದೇಣಿಗೆಯ ವಿವರ ಮೊದಲಾದವು ಕಾಗದದ ಮೇಲೆ ಮಾತ್ರವಲ್ಲದೆ ಜಾಲತಾಣದ ನಮೂನೆಗಳ ಮೂಲಕವೂ ಬರುತ್ತಿವೆ. ಅರ್ಜಿದಾರನು ತನ್ನ ಮೊಬೈಲಿನಲ್ಲಿ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ತುಂಬಿ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಅವು ದೂರದ ಸರ್ವರ್ ಯಂತ್ರವನ್ನು ಸೇರುತ್ತವೆ. ಅಲ್ಲಿ ಗುಮಾಸ್ತನ ಸ್ಥಾನದಲ್ಲಿ ಕುಳಿತಿರುವುದು ಒಂದು ಕ್ರಮವಿಧಿ. ಅದು ಬರೆದಂತೆ ನಡೆಯುವುದೇ ಹೊರತು ತಾನಾಗಿ ಅನುಮಾನಪಡುವುದಿಲ್ಲ. ಆದುದರಿಂದ ಅನುಮಾನಪಡಬೇಕಾದ ಎಡೆಗಳನ್ನೆಲ್ಲ ಅದನ್ನು ಬರೆಯುವವನೇ ಮುಂಚಿತವಾಗಿ ಯೋಚಿಸಿರಬೇಕಾಗುತ್ತದೆ. ಇಂತಹ ಕ್ರಮವಿಧಿಗಳನ್ನು ಬರೆಯಲು ಬಹುವಾಗಿ ಬಳಕೆಯಲ್ಲಿರುವ ಪಿಎಚ್‌ಪಿ ಎಂಬ ಭಾಷೆಯನ್ನು ಆಧಾರವಾಗಿಟ್ಟುಕೊಂಡು, ಬಂದ ಅರ್ಜಿಯನ್ನು ಸ್ವೀಕರಿಸುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲಾಗಿದೆ. ಗಣಕವಿದ್ಯೆಯನ್ನು ಓದದ ವಾಚಕರಿಗೂ ಇದು ನಿಲುಕಲೆಂಬುದು ಉದ್ದೇಶ. ಏಕೆಂದರೆ ನಮೂನೆಯನ್ನು ತುಂಬುವವರೂ, ತುಂಬಿಸಿಕೊಳ್ಳುವ ಸಂಸ್ಥೆಗಳನ್ನು ನಡೆಸುವವರೂ ಅವರೇ ಆಗಿದ್ದಾರೆ.

೧. ಭಾಷೆಯ ಹುಟ್ಟು

ಗ್ರೀನ್‌ಲ್ಯಾಂಡಿನಲ್ಲಿ ಜನಿಸಿದ ರಾಸ್ಮಸ್ ಲೆರ್ಡಾರ್ಫ್ ಎಂಬಾತನು ೧೯೯೪ರಲ್ಲಿ, ಜಾಲದಲ್ಲಿಟ್ಟಿದ್ದ ತನ್ನ ಪರಿಚಯಪತ್ರವನ್ನು ಎಷ್ಟು ಮಂದಿ ನೋಡುತ್ತಾರೆಂದು ತಿಳಿಯಲು ಕೆಲವು ಸಣ್ಣ ಸಾಧನಗಳನ್ನು ರಚಿಸಿದನು. ೧೯೯೫ರ ಜೂನ್ ತಿಂಗಳಲ್ಲಿ ಅವನ್ನು ಸಾರ್ವಜನಿಕರಿಗೆ ಮುಕ್ತವಾಗಿ ಕೊಟ್ಟನು. ೧೯೯೭ರಲ್ಲಿ ಹೊರಬಂದ ಎರಡನೆಯ ಆವೃತ್ತಿಯ ಹೆಸರು ಪಿಎಚ್‌ಪಿ–ಎಫ್‌ಐ. ಎಫ್‌ಐ ಎಂದರೆ ಫಾರ್ಮ್ಸ್ ಇಂಟರ್‌ಪ್ರಿಟರ್, ಅರ್ಥಾತ್ ನಮೂನೆಗಳ ವ್ಯಾಖ್ಯಾನಕಾರ. ನಮೂನೆಯನ್ನು ಓದಿ ಅರ್ಥಮಾಡಿಕೊಳ್ಳುವುದೇ ಈ ಭಾಷೆಯ ಬಾಲ್ಯದ ಕಸುಬಾಗಿತ್ತೆಂಬುದಕ್ಕೆ ಈ ಹೆಸರೇ ಸಾಕ್ಷಿ. ೧೯೯೮ರಲ್ಲಿ ಆಂಡಿ ಗುಟ್‌ಮನ್ಸ್ ಮತ್ತು ಜೀವ್ ಸುರಾಸ್ಕಿ ಎಂಬ ಇಬ್ಬರು ಇದನ್ನು ಮೂರನೆಯ ಆವೃತ್ತಿಯಾಗಿ ಹೊಸದಾಗಿ ಕಟ್ಟಿದರು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವು ಇದೇ ಭಾಷೆಯಲ್ಲಿ ರಚಿತವಾಗಿದೆ. ಕನ್ನಡ ವಿಕಿಪೀಡಿಯದಲ್ಲಿ ಯಾರಾದರೊಬ್ಬರು ಒಂದು ವಾಕ್ಯವನ್ನು ತಿದ್ದಿ ಉಳಿಸಿದಾಗಲೂ ಈ ಭಾಷೆಯ ಕ್ರಮವಿಧಿಯೊಂದು ಅದನ್ನು ಸ್ವೀಕರಿಸುತ್ತದೆಂದರೆ, ಕನ್ನಡಿಗರಿಗೂ ಇದಕ್ಕೂ ಇರುವ ನಂಟು ತಿಳಿಯದಿರದು.

೨. ಅರ್ಜಿಯ ಪ್ರಯಾಣ

ನಮೂನೆಯ ಪ್ರತಿಯೊಂದು ಅಂಕಣಕ್ಕೂ ಒಂದು ನಾಮವಿರುತ್ತದೆ. ಅರ್ಜಿದಾರನು ತುಂಬಿದುದು ಅದರ ಮೌಲ್ಯ. ಹೀಗೆ ನಾಮ–ಮೌಲ್ಯಗಳ ಜೋಡಿಗಳಾಗಿ ಅರ್ಜಿಯು ಹೊರಡುತ್ತದೆ. ಪಿಎಚ್‌ಪಿ ಅದನ್ನು ಬರಮಾಡಿಕೊಂಡು, ನಿಘಂಟಿನಲ್ಲಿ ಪದದ ಎದುರು ಅರ್ಥವನ್ನಿಡುವಂತೆ, ನಾಮದ ಎದುರು ಮೌಲ್ಯವನ್ನು ಇರಿಸಿದ ಕೋಶವೊಂದನ್ನು ಸಿದ್ಧಪಡಿಸುತ್ತದೆ.

ಪ್ರಯಾಣಕ್ಕೆ ಮುಖ್ಯವಾಗಿ ಎರಡು ದಾರಿಗಳು. ‘ಗೆಟ್’ ಎಂಬ ದಾರಿಯಲ್ಲಿ ವಿವರಗಳು ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಸೇರಿಕೊಂಡು ಹೋಗುತ್ತವೆ. ಅಂಚೆಕಾರ್ಡಿನ ಬರೆಹದಂತೆ ಇದು ಎಲ್ಲರ ಕಣ್ಣಿಗೂ ಬೀಳುವಂಥದು. ಬ್ರೌಸರಿನ ನೆನಪಿನಲ್ಲಿಯೂ ಸರ್ವರಿನ ದಿನಚರಿಯಲ್ಲಿಯೂ ಉಳಿದುಬಿಡುತ್ತದೆ. ಪುಸ್ತಕದ ಹೆಸರನ್ನು ಹುಡುಕುವುದು ಮೊದಲಾದ, ಏನನ್ನೂ ಬದಲಿಸದ ಕೋರಿಕೆಗಳಿಗೆ ಇದು ತಕ್ಕದ್ದು. ‘ಪೋಸ್ಟ್’ ಎಂಬ ದಾರಿಯಲ್ಲಿ ವಿವರಗಳು ಕೋರಿಕೆಯ ಒಡಲೊಳಗೆ ಅಡಗಿ ಹೋಗುತ್ತವೆ. ನೋಂದಣಿ, ದೇಣಿಗೆ, ತಿದ್ದುಪಡಿ ಮುಂತಾಗಿ ದಾಖಲೆಯನ್ನು ಬದಲಿಸುವ ಕೆಲಸಗಳೆಲ್ಲ ಈ ದಾರಿಯಲ್ಲೇ ಬರತಕ್ಕದ್ದು. ಆದರೆ ಅಡಗಿ ಹೋಗುವುದು ಬೇರೆ, ಗುಟ್ಟಾಗಿ ಹೋಗುವುದು ಬೇರೆ. ನಡುದಾರಿಯಲ್ಲಿ ಯಾರೂ ಓದಬಾರದೆಂದಾದರೆ ಸಂಪರ್ಕವೇ ಗೂಢಲಿಪಿಯದಾಗಿರಬೇಕು. ಎಚ್‌ಟಿಟಿಪಿಎಸ್ ಎಂಬ ವ್ಯವಸ್ಥೆ ಇರುವುದು ಅದಕ್ಕಾಗಿಯೇ.

ಇಲ್ಲಿ ಭಾಷೆಯ ಇತಿಹಾಸದಲ್ಲಿನ ಒಂದು ಪಾಠವನ್ನು ಗಮನಿಸಬೇಕು. ಮೊದಮೊದಲು ನಮೂನೆಯ ಅಂಕಣದ ಹೆಸರೇ ನೇರವಾಗಿ ಕ್ರಮವಿಧಿಯೊಳಗಿನ ಚರಪದದ ಹೆಸರಾಗಿಬಿಡುವ ಸೌಕರ್ಯವಿತ್ತು. ಬರೆಯುವವನಿಗೆ ಇದು ಸುಲಭವೆನಿಸಿತು. ಆದರೆ ಕ್ರಮವಿಧಿಯು ಒಳಗೆ ‘ಅಧಿಕಾರಿ’ ಎಂಬ ಚರಪದವನ್ನು ಇಟ್ಟುಕೊಂಡಿದ್ದು, ಅದಕ್ಕೆ ಆರಂಭದಲ್ಲಿ ಬೆಲೆಯನ್ನು ಕೊಡಲು ಮರೆತಿದ್ದರೆ, ಹೊರಗಿನವನು ಅದೇ ಹೆಸರಿನ ಅಂಕಣವನ್ನು ತಾನೇ ಸೇರಿಸಿ ಕಳುಹಿಸಿ ಅಧಿಕಾರಿಯಾಗಿಬಿಡಬಹುದಾಗಿತ್ತು. ಅತಿಥಿಯಾಗಿ ಬಂದವನು ಯಜಮಾನನ ಗಾದಿಯ ಮೇಲೆ ಕುಳಿತಂತಾಯಿತು. ಆದುದರಿಂದ ೨೦೦೧ರ ಡಿಸೆಂಬರಿನಲ್ಲಿ ಹೊರಗಿನ ವಿವರಗಳಿಗೆಂದೇ ‘ಗೆಟ್’, ‘ಪೋಸ್ಟ್’ ಮೊದಲಾದ ಪ್ರತ್ಯೇಕ ಕೋಶಗಳನ್ನು ನಿರ್ಮಿಸಲಾಯಿತು. ೨೦೦೨ರಲ್ಲಿ ಹಳೆಯ ಸೌಕರ್ಯವು ತಾನಾಗಿ ಜಾರಿಯಲ್ಲಿರುವುದು ನಿಂತಿತು. ೨೦೧೨ರಲ್ಲಿ ಅದನ್ನು ಭಾಷೆಯಿಂದಲೇ ತೆಗೆದುಹಾಕಲಾಯಿತು. ಹೊರಗಿನಿಂದ ಬಂದುದು ಹೊರಗಿನದೆಂದು ಕಾಣುವಂತಿರಬೇಕು ಎಂಬುದೇ ಇದರ ತಾತ್ಪರ್ಯ.

೩. ಆವಕದ ಪರಿಶೀಲನೆ

ಹಳೆಯ ವಿದ್ಯಾರ್ಥಿಗಳ ಸಂಘವೊಂದರ ನೋಂದಣಿ ನಮೂನೆಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅದರಲ್ಲಿ ಹೆಸರು, ತೇರ್ಗಡೆಯಾದ ವರ್ಷ, ಮಿಂಚಂಚೆ, ಜೊತೆಗೆ ಬರುವ ಮಕ್ಕಳ ಸಂಖ್ಯೆ, ಊಟದ ವ್ಯವಸ್ಥೆ ಬೇಕೆಂಬ ಗುರುತು, ಭಾವಚಿತ್ರ—ಇವಿಷ್ಟು ಅಂಕಣಗಳಿವೆ.

ಮೊದಲನೆಯದಾಗಿ, ಅಂಕಣವು ಬಂದಿದೆಯೇ ಎಂದು ನೋಡಬೇಕು. ಊಟ ಬೇಕೆಂಬ ಚೌಕದಲ್ಲಿ ಗುರುತು ಹಾಕದಿದ್ದರೆ ‘ಬೇಡ’ ಎಂಬ ಉತ್ತರವೇನೂ ಬರುವುದಿಲ್ಲ; ಆ ಅಂಕಣವೇ ಬರುವುದಿಲ್ಲ. ಇಲ್ಲದುದನ್ನು ಇದೆಯೆಂದು ಭಾವಿಸಿ ಓದಹೊರಟರೆ ಕ್ರಮವಿಧಿಯು ದೋಷವನ್ನು ಸಾರುತ್ತದೆ. ಎರಡನೆಯದಾಗಿ, ಒಂದು ಪದ ಬರಬೇಕಾದೆಡೆಯಲ್ಲಿ ಪದಗಳ ಗುಂಪೇ ಬಂದಿರಬಹುದು. ಅಂಕಣದ ನಾಮದ ಮುಂದೆ ಚೌಕಾವರಣವನ್ನು ಸೇರಿಸಿ ಕಳುಹಿಸಿದವನಿಗೆ ಇದು ಸುಲಭಸಾಧ್ಯ. ಮೂರನೆಯದಾಗಿ, ಬಂದ ಮೌಲ್ಯದ ಹಿಂದುಮುಂದಿನ ಖಾಲಿ ಜಾಗಗಳನ್ನು ‘ಟ್ರಿಮ್’ ಎಂಬ ಕಾರ್ಯದಿಂದ ತೆಗೆಯುವುದು ರೂಢಿ.

ಬರಿದಾಗಿದೆಯೇ ಎಂದು ನೋಡುವಲ್ಲಿಯೂ ಒಂದು ಮೋಸವಿದೆ. ಪಿಎಚ್‌ಪಿಯ ‘ಎಂಪ್ಟಿ’ ಎಂಬ ಪರೀಕ್ಷೆಯು ಸೊನ್ನೆಯನ್ನೂ ಬರಿದೆಂದೇ ಎಣಿಸುತ್ತದೆ. ಮಕ್ಕಳ ಸಂಖ್ಯೆಯ ಅಂಕಣದಲ್ಲಿ ಪ್ರಾಮಾಣಿಕವಾಗಿ ಸೊನ್ನೆಯೆಂದು ಬರೆದವನಿಗೆ ‘ಈ ಅಂಕಣವನ್ನು ತುಂಬಿಲ್ಲ’ ಎಂಬ ಉತ್ತರ ದೊರೆತರೆ ಆತನು ಬೇಸರಗೊಳ್ಳುವುದು ಸಹಜ. ಉತ್ತರವಿಲ್ಲದಿರುವುದು ಒಂದು, ಇಲ್ಲವೆಂಬ ಉತ್ತರವಿರುವುದು ಇನ್ನೊಂದು.

ಬಳಿಕ ಬರುವುದು ಯೋಗ್ಯತೆಯ ಪರೀಕ್ಷೆ. ವರ್ಷವು ಸಂಖ್ಯೆಯೇ? ಶಾಲೆ ಆರಂಭವಾದ ವರ್ಷಕ್ಕೂ ಈ ವರ್ಷಕ್ಕೂ ನಡುವೆ ಇದೆಯೇ? ಮಿಂಚಂಚೆಯ ಆಕಾರ ಸರಿಯಿದೆಯೇ? ಇಂತಹ ಪರೀಕ್ಷೆಗಳಿಗೆ ‘ಫಿಲ್ಟರ್_ವಾರ್’ ಎಂಬ ಕಾರ್ಯವು ಒದಗುತ್ತದೆ. ಪಟ್ಟಿಯಿಂದ ಆರಿಸಬೇಕಾದ ಅಂಕಣವಾದರೆ, ಬಂದ ಮೌಲ್ಯವು ಆ ಪಟ್ಟಿಯಲ್ಲಿರುವುದೇ ಎಂದು ಸರ್ವರಿನಲ್ಲಿ ಮರಳಿ ನೋಡಬೇಕು. ಬ್ರೌಸರಿನಲ್ಲಿಯೇ ಇದೆಲ್ಲವನ್ನೂ ಪರೀಕ್ಷಿಸಬಹುದಲ್ಲವೇ ಎಂದರೆ, ಪರೀಕ್ಷಿಸಬಹುದು. ಆದರೆ ಅದು ಅರ್ಜಿದಾರನ ಅನುಕೂಲಕ್ಕೆ ಮಾತ್ರ. ಬ್ರೌಸರ್ ಇರುವುದು ಅರ್ಜಿದಾರನ ಕೈಯಲ್ಲಿ. ಮರೆಯಾಗಿಟ್ಟ ಅಂಕಣವನ್ನೂ ಅವನು ಬದಲಿಸಬಲ್ಲನು. ಕಟ್ಟಬೇಕಾದ ಶುಲ್ಕದ ಮೊತ್ತವನ್ನು ಮರೆಯ ಅಂಕಣದಲ್ಲಿ ಕಳುಹಿಸಿ, ಅದು ಹಾಗೆಯೇ ಮರಳಿ ಬರುವುದೆಂದು ನಂಬುವುದು, ಗ್ರಾಹಕನ ಕೈಗೇ ತಕ್ಕಡಿಯನ್ನು ಕೊಟ್ಟಂತೆ.

ಭಾವಚಿತ್ರದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಕಡತದ ಹೆಸರನ್ನೂ, ಅದು ಚಿತ್ರವೆಂಬ ಹೇಳಿಕೆಯನ್ನೂ ಕಳುಹಿಸಿದವನೇ ಬರೆದಿರುವನು. ಎರಡನ್ನೂ ಪ್ರಮಾಣವೆಂದು ಒಪ್ಪಲಾಗದು. ಒಳಗಿನ ವಸ್ತುವನ್ನೇ ಪರೀಕ್ಷಿಸಿ, ಹೊಸ ಹೆಸರನ್ನಿಟ್ಟು, ಕ್ರಮವಿಧಿಯಾಗಿ ನಡೆಯಲಾಗದ ಎಡೆಯಲ್ಲಿ ಇರಿಸಬೇಕು. ಇನ್ನೊಂದು ಸಂಗತಿ: ಇಡೀ ಅರ್ಜಿಯ ಗಾತ್ರವು ಸರ್ವರ್ ವಿಧಿಸಿದ ಮಿತಿಯನ್ನು ಮೀರಿದರೆ—ಯಾರೂ ಬದಲಿಸದಿದ್ದಲ್ಲಿ ಆ ಮಿತಿ ೮ ಮೆಗಾಬೈಟ್—‘ಪೋಸ್ಟ್’ ಕೋಶವೇ ಬರಿದಾಗಿ ಬರುತ್ತದೆ. ದೊಡ್ಡ ಚಿತ್ರವನ್ನು ಸೇರಿಸಿದ ಅರ್ಜಿದಾರನಿಗೆ ‘ಹೆಸರನ್ನು ಬರೆದಿಲ್ಲ’ ಎಂಬ ಉತ್ತರ ದೊರೆಯುವ ವಿಚಿತ್ರವು ಇದರಿಂದಲೇ.

ದೋಷಗಳು ಕಂಡಾಗ ಎಲ್ಲವನ್ನೂ ಒಮ್ಮೆಗೇ ತಿಳಿಸಿ, ಸರಿಯಾಗಿ ತುಂಬಿದ ಅಂಕಣಗಳನ್ನು ಹಾಗೆಯೇ ಉಳಿಸಿ ನಮೂನೆಯನ್ನು ಮರಳಿ ತೋರಿಸುವುದು ಸೌಜನ್ಯ. ಒಂದು ತಪ್ಪಿಗಾಗಿ ಇಡೀ ಅರ್ಜಿಯನ್ನು ಹರಿದುಹಾಕುವ ಗುಮಾಸ್ತನನ್ನು ಯಾರೂ ಮೆಚ್ಚರು.

೪. ಕನ್ನಡ ಲಿಪಿಯ ವಿಶೇಷಗಳು

ಪರದೇಶದಲ್ಲಿ ರಚಿತವಾದ ಮಾದರಿಗಳನ್ನು ಹಾಗೆಯೇ ಎತ್ತಿಕೊಂಡರೆ ಕನ್ನಡದ ಅರ್ಜಿದಾರನಿಗೆ ಅನ್ಯಾಯವಾಗುವ ಎಡೆಗಳು ನಾಲ್ಕು.

ಮೊದಲನೆಯದು ಉದ್ದದ ಎಣಿಕೆ. ಯುನಿಕೋಡ್ ಪದ್ಧತಿಯು ಕನ್ನಡದ ಸಂಯುಕ್ತಾಕ್ಷರವನ್ನು ಅದರ ಆಕಾರಕ್ಕನುಸಾರವಾಗಿ ಅಲ್ಲ, ಉಚ್ಚಾರಣೆಯ ಕ್ರಮಕ್ಕನುಸಾರವಾಗಿ ಬಿಡಿಸಿ ಇಡುತ್ತದೆ. ‘ಕನ್ನಡ’ ಎಂಬಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ೩; ಯಂತ್ರದ ಸಂಕೇತಗಳು ೫; ಯುಟಿಎಫ್–೮ ಎಂಬ ಕ್ರಮದಲ್ಲಿ ಪ್ರತಿ ಸಂಕೇತಕ್ಕೂ ೩ ಬೈಟ್‌ಗಳಂತೆ ಒಟ್ಟು ೧೫ ಬೈಟ್‌ಗಳು. ಪಿಎಚ್‌ಪಿಯ ‘ಸ್ಟ್ರ್‌ಲೆನ್’ ಎಂಬ ಕಾರ್ಯವು ಎಣಿಸುವುದು ಬೈಟ್‌ಗಳನ್ನು. ‘ಸಿದ್ಧಲಿಂಗಸ್ವಾಮಿ’ ಎಂಬ ಆರು ಅಕ್ಷರಗಳ ಹೆಸರು ಅದರ ಲೆಕ್ಕದಲ್ಲಿ ೪೫. ಹೆಸರು ೩೦ನ್ನು ಮೀರಬಾರದೆಂಬ ನಿಯಮವಿದ್ದರೆ ಈ ಹೆಸರಿನವನಿಗೆ ಪ್ರವೇಶವೇ ಇಲ್ಲ! ಸಂಕೇತಗಳನ್ನು ಎಣಿಸುವ ‘ಎಂಬಿ_ಸ್ಟ್ರ್‌ಲೆನ್’ ಎಂಬುದನ್ನು ಬಳಸಿ, ಮಿತಿಯನ್ನೂ ಉದಾರವಾಗಿ ಇಡುವುದು ಲೇಸು. ಹೆಸರನ್ನು ನಡುವೆ ಕತ್ತರಿಸುವುದಂತೂ ಸಲ್ಲದು. ಸಂಕೇತಗಳ ಲೆಕ್ಕದಲ್ಲಿ ಕತ್ತರಿಸಿದರೂ ‘ಸಿದ್ಧ’ ಎಂಬುದು ‘ಸಿದ್’ ಎಂದು ಉಳಿಯುವ ಸಂಭವವಿದೆ.

ಎರಡನೆಯದು ಅಕ್ಷರಗಳ ಪರೀಕ್ಷೆ. ಹೆಸರಿನಲ್ಲಿ ರೋಮನ್ ಅಕ್ಷರಗಳು ಮಾತ್ರ ಇರಬೇಕೆಂಬ ಸೂತ್ರವು ಕನ್ನಡವನ್ನು ಪೂರ್ತಿಯಾಗಿ ತಳ್ಳಿಹಾಕುತ್ತದೆ. ಯುನಿಕೋಡಿನ ‘ಅಕ್ಷರ’ ವರ್ಗಕ್ಕೆ ಮಾತ್ರ ಅವಕಾಶ ಕೊಟ್ಟರೂ ಸಾಲದು. ಕಾಗುಣಿತದ ಚಿಹ್ನೆಗಳೂ ಅನುಸ್ವಾರವೂ ‘ಗುರುತು’ ಎಂಬ ಬೇರೊಂದು ವರ್ಗಕ್ಕೆ ಸೇರಿವೆ. ಎರಡಕ್ಕೂ ಅವಕಾಶವಿರತಕ್ಕದ್ದು.

ಮೂರನೆಯದು ಅಂಕಿಗಳು. ಅರ್ಜಿದಾರನು ವರ್ಷವನ್ನು ‘೧೯೭೫’ ಎಂದು ಕನ್ನಡದ ಅಂಕಿಗಳಲ್ಲಿ ಬರೆದರೆ, ಸಂಖ್ಯೆಯಾಗಿ ಮಾರ್ಪಡಿಸುವ ‘ಇಂಟ್‌ವಾಲ್’ ಎಂಬ ಕಾರ್ಯವು ಅದನ್ನು ಸೊನ್ನೆಯೆಂದು ಓದುತ್ತದೆ. ಪರೀಕ್ಷೆಗೆ ಮುನ್ನ ಕನ್ನಡದ ಹತ್ತು ಅಂಕಿಗಳನ್ನು ‘1975’ ಎಂಬಂತಹ ಅಂಕಿಗಳಾಗಿ ಬದಲಿಸಿಕೊಳ್ಳಲು ಒಂದು ಸಾಲಿನ ಸೂಚನೆ ಸಾಕು.

ನಾಲ್ಕನೆಯದು ದೀರ್ಘಸ್ವರಗಳ ಬರೆಹ. ‘ಶ್ರೀ’ ಎಂಬುದರ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಹ್ರಸ್ವದ ಗುರುತು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಒಂದು ರೀತಿಯಲ್ಲಿ ಸೇರಿದ ಹೆಸರನ್ನು ಇನ್ನೊಂದು ರೀತಿಯಲ್ಲಿ ಹುಡುಕಿದರೆ ಸಿಗದೆಹೋಗಬಹುದು. ‘ನಾರ್ಮಲೈಜರ್’ ಎಂಬ ಸಾಧನದಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಂಡು ದಾಖಲಿಸಬೇಕು.

೫. ‘ಎಂದು’ ಎಂಬ ಪದದ ಮಹತ್ತ್ವ

ಆವಕದ ಪರೀಕ್ಷೆ ಮುಗಿದ ಮೇಲೆ ವಿವರಗಳು ಡೇಟಾಬೇಸ್ ಎಂಬ ದಾಖಲೆಕೋಣೆಯನ್ನು ಸೇರಬೇಕು. ಇಡೀ ವಿಷಯದ ಮರ್ಮವಿರುವುದು ಇಲ್ಲಿ. ಅದನ್ನು ಗ್ರಹಿಸಲು ವ್ಯಾಕರಣದ ಸಹಾಯವೇ ಸಾಕು.

ಕನ್ನಡದಲ್ಲಿ ‘ಎನ್’ ಧಾತುವಿನಿಂದ ಬಂದ ‘ಎಂದು’ ಎಂಬ ಪದವಿದೆ. ಸಂಸ್ಕೃತದಲ್ಲಿ ಇದರ ಕೆಲಸವನ್ನು ‘ಇತಿ’ ಮಾಡುತ್ತದೆ. ‘ಕಡತಗಳನ್ನು ಸುಟ್ಟುಹಾಕಿರಿ’ ಎಂಬುದು ಆಜ್ಞೆ. ‘ಅರ್ಜಿದಾರನು ಕಡತಗಳನ್ನು ಸುಟ್ಟುಹಾಕಿರಿ ಎಂದು ಬರೆದಿದ್ದಾನೆ’ ಎಂಬುದು ವರದಿ. ಪದಗಳು ಅವೇ, ಆದರೆ ‘ಎಂದು’ ಬಂದೊಡನೆ ಅವುಗಳ ಆಜ್ಞಾಶಕ್ತಿ ಕಳೆದು, ಅವು ಬೇರೊಬ್ಬನ ಮಾತಿನ ಅನುವಾದವಾಗಿ ಉಳಿಯುತ್ತವೆ. ಶಬ್ದವು ತನ್ನ ಅರ್ಥವನ್ನು ಸೂಚಿಸುವುದು ಬೇರೆ, ತನ್ನ ಸ್ವರೂಪವನ್ನಷ್ಟೇ ಸೂಚಿಸುವುದು ಬೇರೆ ಎಂಬ ವಿವೇಚನೆಯನ್ನು ಪಾಣಿನಿಯು ತನ್ನ ಶಾಸ್ತ್ರದ ಮೊದಲ ಪಾದದಲ್ಲಿಯೇ ಮಾಡಿದ್ದಾನೆ. ಬೆಂಕಿಯ ಹೆಸರನ್ನು ಹೇಳಿದ ಮಾತ್ರಕ್ಕೆ ನಾಲಿಗೆ ಸುಡುವುದಿಲ್ಲವಷ್ಟೆ. ಮನುಷ್ಯನಿಗೆ ಸಹಜವಾದ ಈ ವಿವೇಕವು ಯಂತ್ರಕ್ಕೆ ಸಹಜವಲ್ಲ. ಆಜ್ಞೆ ಎಲ್ಲಿ ಮುಗಿಯಿತು, ಅನ್ಯರ ಮಾತು ಎಲ್ಲಿ ಆರಂಭವಾಯಿತು ಎಂಬುದನ್ನು ಅದಕ್ಕೆ ತಿಳಿಯಹೇಳಬೇಕು.

ಡೇಟಾಬೇಸಿನೊಡನೆ ಮಾತನಾಡುವ ಎಸ್‌ಕ್ಯುಎಲ್ ಎಂಬ ಭಾಷೆಯಲ್ಲಿ ಕೋರಿಕೆಯು ಸುಮಾರಾಗಿ ಹೀಗಿರುತ್ತದೆ: ‘ಯಾರ ಹೆಸರು “ಬಸಪ್ಪ” ಆಗಿದೆಯೋ ಅವರ ವಿವರವನ್ನು ಕೊಡು.’ ಉದ್ಧರಣ ಚಿಹ್ನೆಗಳ ನಡುವಣ ಜಾಗಕ್ಕೆ ಅರ್ಜಿದಾರ ಬರೆದುದನ್ನು ಹಾಗೆಯೇ ಅಂಟಿಸಿದರೆ ಏನಾಗುವುದು? ದುರುದ್ದೇಶದವನು ಅಂಕಣದಲ್ಲಿ ಮೊದಲು ಒಂದು ಉದ್ಧರಣ ಚಿಹ್ನೆಯನ್ನೇ ಬರೆದು ತನ್ನ ಮಾತನ್ನು ಮುಗಿಸಿದಂತೆ ನಟಿಸಿ, ಬಳಿಕ ‘ಅಥವಾ ಒಂದಕ್ಕೆ ಒಂದು ಸಮವಾಗಿದೆಯೋ’ ಎಂಬರ್ಥದ ಪದಗಳನ್ನು ಸೇರಿಸುವನು. ಆಗ ವಾಕ್ಯವು ‘ಯಾರ ಹೆಸರು ಬರಿದಾಗಿದೆಯೋ, ಅಥವಾ ಒಂದಕ್ಕೆ ಒಂದು ಸಮವಾಗಿದೆಯೋ, ಅವರ ವಿವರವನ್ನು ಕೊಡು’ ಎಂದಾಗುತ್ತದೆ. ಒಂದಕ್ಕೆ ಒಂದು ಸಮವಲ್ಲದ ದಿನವಿಲ್ಲ. ಆದುದರಿಂದ ಎಲ್ಲ ಸದಸ್ಯರ ವಿವರಗಳೂ ಹೊರಬರುತ್ತವೆ. ಇದನ್ನೇ ಎಸ್‌ಕ್ಯುಎಲ್ ಇಂಜೆಕ್ಷನ್ ಎನ್ನುವರು. ಅರ್ಜಿದಾರನ ಮಾತು ‘ಎಂದು’ವಿನ ಬೇಲಿಯನ್ನು ದಾಟಿ ಆಜ್ಞೆಯಾಗಿ ಕುಳಿತುದೇ ಇದರ ಸ್ವರೂಪ.

ಇದು ಕಳ್ಳರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಭಾವಿಸಲಾಗದು. ಮಂಗಳೂರು ಕಡೆಯಲ್ಲಿ ಬಹುವಾಗಿ ಕೇಳಿಬರುವ ಡಿಸೋಜ ಎಂಬ ಮನೆತನದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಮೊದಲಕ್ಷರದ ಮುಂದೆ ಒಂದು ಮೇಲ್ಗುರುತು ಬರುತ್ತದೆ. ಎಸ್‌ಕ್ಯುಎಲ್ ಅದನ್ನು ಉದ್ಧರಣದ ಮುಕ್ತಾಯವೆಂದು ತಿಳಿಯುತ್ತದೆ, ವಾಕ್ಯ ಮುರಿಯುತ್ತದೆ, ಯಾವ ತಪ್ಪೂ ಮಾಡದ ಅರ್ಜಿದಾರನ ನೋಂದಣಿ ನಿಂತುಹೋಗುತ್ತದೆ.

ಇದಕ್ಕೆ ಪರಿಹಾರವೆಂದು ಪಿಎಚ್‌ಪಿಯಲ್ಲಿ ಹಿಂದೊಮ್ಮೆ, ಒಳಬರುವ ಎಲ್ಲ ಉದ್ಧರಣ ಚಿಹ್ನೆಗಳ ಹಿಂದೆಯೂ ತಾನಾಗಿ ಒಂದು ಓರೆಗೆರೆಯನ್ನು ಸೇರಿಸುವ ‘ಮ್ಯಾಜಿಕ್ ಕೋಟ್ಸ್’ ಎಂಬ ಏರ್ಪಾಡಿತ್ತು. ಎಲ್ಲಿಗೆ ಹೋಗುವ ಮಾತೆಂದು ನೋಡದೆ ಎಲ್ಲಕ್ಕೂ ಒಂದೇ ಮದ್ದನ್ನು ಕೊಟ್ಟುದರಿಂದ, ಪರದೆಯ ಮೇಲೂ ಪತ್ರಗಳಲ್ಲಿಯೂ ಹೆಸರುಗಳ ನಡುವೆ ಬೇಡದ ಗೆರೆಗಳು ಕಾಣಿಸತೊಡಗಿದವು; ರಕ್ಷಣೆಯೂ ಪೂರ್ಣವಾಗಲಿಲ್ಲ. ೨೦೧೨ರಲ್ಲಿ ಅದನ್ನೂ ತೆಗೆದುಹಾಕಲಾಯಿತು.

ಸರಿಯಾದ ದಾರಿ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’, ಅಂದರೆ ಮೊದಲೇ ಸಿದ್ಧಪಡಿಸಿದ ವಾಕ್ಯ. ಇದರಲ್ಲಿ ‘ಯಾರ ಹೆಸರು ? ಆಗಿದೆಯೋ ಅವರ ವಿವರವನ್ನು ಕೊಡು’ ಎಂದು ಮೌಲ್ಯದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ವಾಕ್ಯವನ್ನು ಮಾತ್ರ ಮುಂಚಿತವಾಗಿ ಕಳುಹಿಸಲಾಗುತ್ತದೆ. ಡೇಟಾಬೇಸ್ ಅದರ ಅನ್ವಯವನ್ನು ಪೂರ್ತಿಯಾಗಿ ನಿಶ್ಚಯಿಸಿಕೊಳ್ಳುತ್ತದೆ. ಮೌಲ್ಯವು ಆಮೇಲೆ ಬೇರೆಯಾಗಿ ಹೋಗುತ್ತದೆ. ಅನ್ವಯ ಮುಗಿದ ಬಳಿಕ ಬಂದ ಪದಕ್ಕೆ ಅನ್ವಯವನ್ನು ಕೆಡಿಸುವ ಶಕ್ತಿಯಿರುವುದಿಲ್ಲ; ಅದರಲ್ಲಿ ಏನೇ ಬರೆದಿದ್ದರೂ ಅದೊಂದು ಹೆಸರು ಮಾತ್ರ. ಪಿಎಚ್‌ಪಿಯಲ್ಲಿ ೨೦೦೫ರಿಂದ ಜೊತೆಗೇ ಬರುತ್ತಿರುವ ಪಿಡಿಓ ಎಂಬ ಸಾಧನವೂ, ಮೈಎಸ್‌ಕ್ಯುಎಲ್‌ಐ ಎಂಬುದೂ ಈ ಸೌಕರ್ಯವನ್ನು ಕೊಡುತ್ತವೆ. ಮೈಎಸ್‌ಕ್ಯುಎಲ್‌ನೊಡನೆ ಪಿಡಿಓ ಬಳಸುವಾಗ ವಾಕ್ಯವನ್ನೂ ಮೌಲ್ಯವನ್ನೂ ಪಿಡಿಓ ತಾನೇ ಸೇರಿಸಿ ಕಳುಹಿಸುವುದು ರೂಢಿಯ ಸ್ಥಿತಿಯಾದುದರಿಂದ, ಆ ಅನುಕರಣೆಯನ್ನು ನಿಲ್ಲಿಸಿ ನಿಜವಾದ ವಿಭಜನೆಯನ್ನೇ ಕೇಳಿಕೊಳ್ಳುವುದು ಉತ್ತಮ. ಕೋಷ್ಟಕದ ಅಥವಾ ಅಂಕಣದ ಹೆಸರನ್ನು ಮಾತ್ರ ಈ ರೀತಿ ಆಮೇಲೆ ತುಂಬಲಾಗದು. ಅವನ್ನು ನಿಗದಿಪಡಿಸಿದ ಪಟ್ಟಿಯಿಂದ ಆರಿಸಬೇಕು.

ಈ ದೋಷದ ವಿಚಾರವು ೧೯೯೮ರಲ್ಲಿಯೇ ಬರೆಹರೂಪದಲ್ಲಿ ಪ್ರಕಟವಾಗಿತ್ತು. ಆದರೂ ೨೦೧೫ರ ಅಕ್ಟೋಬರ್ ತಿಂಗಳಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರಸಂಪರ್ಕ ಸಂಸ್ಥೆಯಿಂದ ಇದೇ ದಾರಿಯಲ್ಲಿ ೧,೫೬,೯೫೯ ಗ್ರಾಹಕರ ವಿವರಗಳು ಕಳವಾದವು. ಅವುಗಳಲ್ಲಿ ೧೫,೬೫೬ ಮಂದಿಯ ಬ್ಯಾಂಕ್ ಖಾತೆಯ ವಿವರಗಳೂ ಸೇರಿದ್ದವು. ಅದು ಬೇರೊಂದು ಸಂಸ್ಥೆಯನ್ನು ಕೊಂಡಾಗ ಜೊತೆಗೆ ಬಂದಿದ್ದ ಹಳೆಯ ಜಾಲಪುಟಗಳ ಮೂಲಕ ಕಳವು ನಡೆದಿತ್ತು. ೨೦೧೬ರಲ್ಲಿ ಅಲ್ಲಿಯ ಮಾಹಿತಿ ಆಯುಕ್ತರ ಕಚೇರಿಯು ಸಂಸ್ಥೆಗೆ ೪ ಲಕ್ಷ ಪೌಂಡ್ ದಂಡವನ್ನು ವಿಧಿಸಿತು. ತಪ್ಪೊಪ್ಪಿಕೊಂಡವರಲ್ಲಿ ೧೭ ವರ್ಷ ವಯಸ್ಸಿನ ಬಾಲಕನೊಬ್ಬನೂ ಇದ್ದನೆಂಬುದು ಅಧ್ಯಾಪಕವೃಂದವು ಮನಗಾಣಬೇಕಾದ ಸಂಗತಿ. ಬಾಗಿಲು ತೆರೆದಿದ್ದರೆ ಒಳಹೊಗಲು ಮಹಾಪಂಡಿತನೇ ಬೇಕೆಂದಿಲ್ಲ.

೬. ಜಾವಕದ ಎಚ್ಚರಿಕೆ

ಒಳಗೆ ಸುರಕ್ಷಿತವಾಗಿ ಸೇರಿದ ಮಾತು ಹೊರಗೆ ಹೊರಡುವಾಗಲೂ ಅದೇ ನಿಯಮವನ್ನು ಪಾಲಿಸಬೇಕು. ಸದಸ್ಯನೊಬ್ಬನು ತನ್ನ ಅಭಿಪ್ರಾಯದ ಅಂಕಣದಲ್ಲಿ ಬ್ರೌಸರಿಗೆ ಆಜ್ಞೆಯಾಗಬಲ್ಲ ಸಂಕೇತಗಳನ್ನು ಬರೆದಿದ್ದಾನೆಂದು ಭಾವಿಸೋಣ. ಅದನ್ನು ಹಾಗೆಯೇ ಪುಟದಲ್ಲಿ ತೋರಿಸಿದರೆ, ಓದಲು ಬಂದ ಪ್ರತಿಯೊಬ್ಬರ ಬ್ರೌಸರೂ ಅದನ್ನು ಸಂಸ್ಥೆಯ ಆಜ್ಞೆಯೆಂದೇ ತಿಳಿದು ನಡೆಸುತ್ತದೆ. ೨೦೦೫ರ ಅಕ್ಟೋಬರಿನಲ್ಲಿ ಸ್ಯಾಮಿ ಕಮ್‌ಕಾರ್ ಎಂಬ ತರುಣನು ಮೈಸ್ಪೇಸ್ ಎಂಬ ತಾಣದ ತನ್ನ ಪರಿಚಯಪುಟದಲ್ಲಿ ಇಂತಹ ಬರೆಹವನ್ನು ಇಟ್ಟಾಗ, ನೋಡಿದವರ ಪುಟಗಳಿಗೂ ಅದು ತಾನಾಗಿ ಹಬ್ಬಿ, ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷಕ್ಕೂ ಮಿಕ್ಕ ಸದಸ್ಯರನ್ನು ಮುಟ್ಟಿತು.

ಪಿಎಚ್‌ಪಿಯಲ್ಲಿ ಇದಕ್ಕೆ ‘ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್’ ಎಂಬ ಕಾರ್ಯವಿದೆ. ಕೋನಾವರಣ, ಉದ್ಧರಣ ಮೊದಲಾದ ಆಜ್ಞಾಸೂಚಕ ಚಿಹ್ನೆಗಳನ್ನು ಅದು ಬರಿಯ ಚಿಹ್ನೆಗಳಾಗಿ ಕಾಣುವಂತೆ ಮಾರ್ಪಡಿಸುತ್ತದೆ. ಬ್ರೌಸರಿನ ಭಾಷೆಯಲ್ಲಿ ಇದೇ ‘ಎಂದು’. ಈ ಮಾರ್ಪಾಡನ್ನು ದಾಖಲಿಸುವಾಗ ಮಾಡದೆ ತೋರಿಸುವಾಗ ಮಾಡತಕ್ಕದ್ದು. ಏಕೆಂದರೆ ಒಂದೇ ಹೆಸರು ಪುಟಕ್ಕೂ ಹೋಗಬಹುದು, ವಿಳಾಸದ ಕೊಂಡಿಗೂ ಹೋಗಬಹುದು, ಮಿಂಚಂಚೆಗೂ ಹೋಗಬಹುದು. ಒಂದೊಂದು ಊರಿನ ಮರ್ಯಾದೆ ಒಂದೊಂದು. ಅರ್ಜಿದಾರ ಕೊಟ್ಟ ಮಿಂಚಂಚೆಯ ವಿಳಾಸವನ್ನು ಪತ್ರದ ತಲೆಬರೆಹದಲ್ಲಿ ಸೇರಿಸುವಾಗ ಅದರೊಳಗೆ ಹೊಸ ಸಾಲಿನ ಸಂಕೇತವಿಲ್ಲವೆಂದು ನೋಡದಿದ್ದರೆ, ಆತನು ಅಲ್ಲಿ ಹೆಚ್ಚಿನ ವಿಳಾಸಗಳನ್ನು ತುರುಕಿ ಸಂಸ್ಥೆಯ ಹೆಸರಿನಲ್ಲಿ ಕಂಡಕಂಡವರಿಗೆ ಪತ್ರವನ್ನು ಹಂಚಬಲ್ಲನು.

ಇನ್ನೆರಡು ಪದ್ಧತಿಗಳು ರೂಢಿಯಾಗಬೇಕು. ನೋಂದಣಿ ಮುಗಿದೊಡನೆ ಬ್ರೌಸರನ್ನು ಬೇರೊಂದು ಪುಟಕ್ಕೆ ಕಳುಹಿಸುವುದು ಒಂದು. ಇಲ್ಲವಾದರೆ ಅರ್ಜಿದಾರನು ಪುಟವನ್ನು ಮರಳಿ ತೆರೆದಾಗ ಅದೇ ಅರ್ಜಿ ಇನ್ನೊಮ್ಮೆ ಸಲ್ಲಿಕೆಯಾಗಿ, ಒಂದು ದೇಣಿಗೆಗೆ ಎರಡು ರಶೀದಿಗಳು ಹುಟ್ಟುವ ಸಂಭವವುಂಟು. ನಮೂನೆಯೊಡನೆ ಪ್ರತಿ ಬಾರಿಯೂ ಊಹಿಸಲಾಗದ ಗುಟ್ಟಿನ ಮುದ್ರೆಯೊಂದನ್ನು ಕಳುಹಿಸಿ, ಅದು ಮರಳಿ ಬಂದರೆ ಮಾತ್ರ ಅರ್ಜಿಯನ್ನು ಒಪ್ಪುವುದು ಇನ್ನೊಂದು. ಸದಸ್ಯನು ಒಳಬಂದಿರುವಾಗ ಬೇರೊಂದು ದುಷ್ಟತಾಣವು ಅವನ ಬ್ರೌಸರಿನಿಂದಲೇ, ಅವನಿಗೆ ತಿಳಿಯದಂತೆ, ಅವನ ಹೆಸರಿನಲ್ಲಿ ಅರ್ಜಿಯನ್ನು ಕಳುಹಿಸುವುದನ್ನು ಈ ಮುದ್ರೆಯು ತಡೆಯುತ್ತದೆ.

೭. ಕೊಟ್ಟವರ ನಂಬಿಕೆ

ಮೇಲಿನ ಕ್ರಮಗಳೆಲ್ಲವೂ ತಂತ್ರದ ಮಾತುಗಳಾದರೂ ಅವುಗಳ ಮೂಲದಲ್ಲಿರುವುದು ಒಂದು ನೈತಿಕ ಸಂಬಂಧ. ಅರ್ಜಿದಾರನು ಸಂಸ್ಥೆಯನ್ನು ನಂಬಿ ತನ್ನ ವಿವರವನ್ನು ಕೊಡುತ್ತಾನೆ. ಕ್ರಮವಿಧಿಯು ಮಾತ್ರ ಅರ್ಜಿಯನ್ನು ನಂಬದೆ ಪರೀಕ್ಷಿಸುತ್ತದೆ. ಇದರಲ್ಲಿ ವಿರೋಧವೇನೂ ಇಲ್ಲ. ಒಬ್ಬನ ಅರ್ಜಿಯನ್ನು ಕಟ್ಟುನಿಟ್ಟಾಗಿ ನೋಡುವುದೇ ಉಳಿದೆಲ್ಲರ ನಂಬಿಕೆಯನ್ನು ಕಾಯುವ ಬಗೆ. ಭಾರತದಲ್ಲಿ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಈ ಹೊಣೆಯನ್ನು ಶಾಸನದ ಮಾತಾಗಿಸಿ, ತಕ್ಕ ರಕ್ಷಣೆಯನ್ನು ಏರ್ಪಡಿಸದೆ ವಿವರಗಳು ಸೋರಿಹೋದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ.

ಆದುದರಿಂದ ನಮೂನೆಯನ್ನು ರಚಿಸುವ ಮುನ್ನವೇ ಸಂಸ್ಥೆಯ ಹಿರಿಯರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಈ ಅಂಕಣವು ಬೇಕೇ? ಸಮ್ಮೇಳನದ ಊಟಕ್ಕೆ ಎಲೆಗಳ ಲೆಕ್ಕ ಬೇಕಾದರೆ ಬರುವವರ ಸಂಖ್ಯೆ ಸಾಕು. ಹುಟ್ಟಿದ ದಿನಾಂಕವಾಗಲಿ ಆಧಾರ್ ಸಂಖ್ಯೆಯಾಗಲಿ ಬೇಡ. ಕೇಳದೆ ಬಿಟ್ಟ ವಿವರವನ್ನು ಯಾರೂ ಕದಿಯಲಾರರು. ಕೆಲಸ ತೀರಿದ ಬಳಿಕ ಉಳಿದ ವಿವರಗಳನ್ನು ಅಳಿಸಿಹಾಕುವ ದಿನವನ್ನೂ ಮೊದಲೇ ಗೊತ್ತುಮಾಡಿರಬೇಕು. ಪ್ರವೇಶಪದವನ್ನು ಕೇಳುವುದು ಅನಿವಾರ್ಯವಾದರೆ ಅದನ್ನು ಇದ್ದಂತೆಯೇ ಬರೆದಿಡದೆ, ೨೦೧೩ರಿಂದ ಭಾಷೆಯಲ್ಲಿಯೇ ದೊರೆಯುವ ‘ಪಾಸ್‌ವರ್ಡ್_ಹ್ಯಾಶ್’ ಎಂಬ ಕಾರ್ಯದಿಂದ ಮರಳಿ ತಿಳಿಯಲಾಗದ ರೂಪಕ್ಕೆ ಮಾರ್ಪಡಿಸಿ ಇಡಬೇಕು.

ಈ ವಿದ್ಯೆಯನ್ನು ಕಲಿಸುವ ಅಧ್ಯಾಪಕರು, ವಿದ್ಯಾರ್ಥಿಯ ಮೊದಲ ಕ್ರಮವಿಧಿ ನಡೆದೊಡನೆ ಸಂತೋಷಪಟ್ಟು ಬಿಡದೆ, ಅದಕ್ಕೆ ಐದು ಅರ್ಜಿಗಳನ್ನು ಕೊಟ್ಟುನೋಡುವುದು ಒಳ್ಳೆಯದು: ಬರಿದಾದ ಅರ್ಜಿ ಒಂದು, ಸೊನ್ನೆಯನ್ನು ತುಂಬಿದ ಅರ್ಜಿ ಒಂದು, ಕನ್ನಡದ ದೀರ್ಘವಾದ ಹೆಸರೂ ಕನ್ನಡದ ಅಂಕಿಗಳೂ ಇರುವ ಅರ್ಜಿ ಒಂದು, ಹೆಸರಿನ ನಡುವೆ ಮೇಲ್ಗುರುತುಳ್ಳ ಅರ್ಜಿ ಒಂದು, ಕೋನಾವರಣಗಳಿಂದ ಕೂಡಿದ ಅರ್ಜಿ ಒಂದು. ಐದಕ್ಕೂ ಯೋಗ್ಯವಾದ ಉತ್ತರವನ್ನು ಕೊಟ್ಟ ಕ್ರಮವಿಧಿಯು ಆವಕ–ಜಾವಕಗಳ ಮುಂದೆ ಕುಳಿತುಕೊಳ್ಳಲು ಅರ್ಹವಾಯಿತೆಂದು ತಿಳಿಯಬಹುದು.